ಸವೆದ ಅಕ್ಷರಗಳ ಸ್ನಾನ

ನಮ್ಮ ಮನೆಯಲ್ಲಿ ಸವೆದ ಅಕ್ಷರಗಳಿಗೆ ಸ್ನಾನ ಮಾಡಿಸುವ ಪದ್ಧತಿ ಇತ್ತು. ಬೇರೆ ಯಾವ ಅಚ್ಚುಕೂಟದವರ ಮನೆಯಲ್ಲೂ ಇಂಥದ್ದನ್ನು ನಾನು ಕಂಡಿಲ್ಲ. ದಾವಣಗೆರೆಯ ಹಳೇ ಪೇಟೆಯ ಒಂದು ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯೇ ಅಪ್ಪಾಜಿಯ ಪ್ರೆಸ್ಸು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ಗೋಡೆಗುಂಟ ಮರದ ಕೇಸುಗಳು, ಕೇಸಿನ ಗೂಡುಗಳಲ್ಲಿ ಮೊಳೆಗಳು. ಮೊಳೆ ಎಂದರೆ ಸೀಸದ ಪುಟ್ಟ ಕಡ್ಡಿ, ಅದರ ತುದಿಯಲ್ಲಿ ಹಿಂದುಮುಂದಾದ ಒಂದು ಅಕ್ಷರ. ಪಡಸಾಲೆ ದಾಟಿದರೆ ನಾವು ಉಣ್ಣುವ, ಮಲಗುವ ನಡುಮನೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿನಲ್ಲಿ ತಗಡಿನ ಮಾಡಿನ ಕೆಳಗೆ ಇದ್ದಿಲ ಒಲೆ, ಒಲೆಯ ಮೇಲೆ ಸೀಸ ಕರಗಿಸುವ ಕಬ್ಬಿಣದ ಬಾಣಲೆ. ಹಿತ್ತಲಿನ ಗೋಡೆಗೆ ಅಂಟಿಕೊಂಡು ಬೇರೆಯವರ ಮಂಡಕ್ಕಿ ಭಟ್ಟಿ ಇತ್ತು. ಆ ಗೋಡೆ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಗಿರಣಿಯ ಸೈರನ್ನಿಗೆ ಏಳುತ್ತಿದ್ದೆವು. ಆಮೇಲೆ ದಿನವಿಡೀ ಟ್ರೆಡಲ್ಲಿನ ಸದ್ದು. ಅದು ನಿಂತರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ.

ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಒತ್ತಿ ಒತ್ತಿ ಮೊಳೆಗಳು ಸವೆಯುತ್ತಿದ್ದವು. ಸವೆದದ್ದನ್ನು ಕರಗಿಸಿ ಹೊಸ ಮೊಳೆಗೆ ಎರಕ ಹೊಯ್ಯಬೇಕು. ಅಪ್ಪಾಜಿ ಮೊದಲ ಬಾರಿ ಒಂದು ಬುಟ್ಟಿ ಹಳೆಯ ಮೊಳೆಗಳನ್ನು ಬಾಣಲೆಗೆ ಸುರಿಯಲು ಹೋದಾಗ ಅಜ್ಜಿ, ಅಂದರೆ ಅಪ್ಪಾಜಿಯ ತಾಯಿ, ಅಡ್ಡ ನಿಂತಳಂತೆ. ಆಗ ನಾನು ತೀರ ಚಿಕ್ಕವಳು. ಆದರೆ ಆ ಮಾತುಕತೆ ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿ ಕೇಳಿ ಆಗಿದೆಯೆಂದರೆ ನಾನೇ ಎದುರು ನಿಂತು ಕೇಳಿಸಿಕೊಂಡಂತಿದೆ.

"ನಮ್ಮಲ್ಲಿ ಸತ್ತೋರನ್ನ ಸುಡಲ್ಲಪ್ಪ, ಮಣ್ಣು ಮಾಡ್ತೀವಿ. ಇವು ಇಷ್ಟು ವರ್ಷ ನಮಗೆ ಅನ್ನ ಹಾಕ್ಯಾವ. ಹಂಗೇ ತಗೊಂಡು ಬೆಂಕಿಗೆ ಹಾಕ್ತಿಯಲ್ಲ."

"ಅದು ಸೀಸ ಅವ್ವ. ಕರಗಿ ಮತ್ತೆ ಅಕ್ಷರನೇ ಆಗ್ತತಿ."

"ಆಗ್ಲಿ ಬಿಡು, ಬ್ಯಾಡ ಅಂದವ್ರು ಯಾರು. ಹೋಗಾಗಾದ್ರೂ ಮೈ ತೊಳ್ಕೊಂಡು ಹೋಗ್ಲಿ."

ಕಾದ ಸೀಸಕ್ಕೂ ನೀರಿಗೂ ಆಗಿಬರುವುದಿಲ್ಲ ಎಂಬುದು ಅಪ್ಪಾಜಿಗೆ ಗೊತ್ತಿತ್ತು. ಒಂದು ಹನಿ ನೀರು ಕಾದ ಸೀಸದ ಅಡಿಗೆ ಹೋದರೆ ಆವಿಯಾಗಿ ಸಿಡಿಯುತ್ತದೆ, ಮೇಲಿನ ಸೀಸವನ್ನೆಲ್ಲ ಎತ್ತಿ ಎಸೆಯುತ್ತದೆ. ತಾಯಿಯ ಮಾತು ಮೀರುವುದೂ ಅವರಿಂದ ಆಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಅಜ್ಜಿ ಗುರುವಾರ ಸಂಜೆ ಸವೆದ ಮೊಳೆಗಳಿಗೆ ನೀರು ಹೊಯ್ಯಬೇಕು, ಬುಟ್ಟಿಗೆ ವಿಭೂತಿ ಹಚ್ಚಬೇಕು. ಶುಕ್ರವಾರ, ಶನಿವಾರ ಎರಡು ದಿನ ಅವು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಒಣಗಬೇಕು. ಮೋಡವಿದ್ದರೆ ಭಟ್ಟಿಯ ಬಿಸಿಗೋಡೆಯ ಮೇಲೆ ಬುಟ್ಟಿ ಇಡಬೇಕು. ಭಾನುವಾರ ಎರಕ. ನನಗೆ ಒಂಬತ್ತು ತುಂಬಿದಾಗ ಒಣಗಿಸುವ ಕೆಲಸ ನನ್ನದಾಯಿತು. ಮೊಳೆಗಳನ್ನು ಗೋಣಿತಾಟಿನ ಮೇಲೆ ಹರವಿ, ಸಂಡಿಗೆಯಂತೆ ಆಗಾಗ ಕೈಯಾಡಿಸಬೇಕು. ಕೈ ಕಪ್ಪಾಗುತ್ತಿತ್ತು. ಉಣ್ಣುವ ಮುಂಚೆ ಸೀಗೆಪುಡಿ ಹಾಕಿ ಉಜ್ಜಿಕೊಳ್ಳದಿದ್ದರೆ ಅಮ್ಮ ತಟ್ಟೆ ಕೊಡುತ್ತಿರಲಿಲ್ಲ.

ಭಾನುವಾರದ ಎರಕಕ್ಕೆ ಒಂದು ಕಾರಣವಿತ್ತು. ಅಪ್ಪಾಜಿ ಹೊಸ ಅಕ್ಷರಗಳನ್ನು ಮಾಡುತ್ತಿದ್ದರು. ಅವರ ಹತ್ತಿರ ಒಂದು ಹಳೆಯ ಪುಸ್ತಕವಿತ್ತು. ಮುಂದಿನ ಹಾಳೆಗಳು ಹರಿದು ಹೋಗಿದ್ದರಿಂದ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ರದ್ದಿಯವನ ತಕ್ಕಡಿಯಿಂದ ಎತ್ತಿಕೊಂಡು ಬಂದದ್ದು. ಅದರಲ್ಲಿ ಏನು ಬರೆದಿದೆ ಎಂಬುದರ ಬಗ್ಗೆ ಅವರು ಎಂದೂ ಮಾತಾಡಿದ್ದು ನೆನಪಿಲ್ಲ. ಅಕ್ಷರಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಓರೆಯಾಗಿ ಕತ್ತರಿಸಿದ ಲೆಕ್ಕಣಿಕೆಯಲ್ಲಿ ಬರೆದಂತೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳು. ತಲೆಕಟ್ಟು ಬಲಕ್ಕೆ ಹೋಗುತ್ತ ಹೋಗುತ್ತ ಸಣ್ಣಗಾಗಿ, ಕೈ ಎತ್ತಿದ ಜಾಗದಲ್ಲಿ ತುಸು ಮೇಲೆ ಚಿಮ್ಮಿರುತ್ತಿತ್ತು. ನಾವು ಅಂಗಡಿಯಿಂದ ತರಿಸುತ್ತಿದ್ದ ಮೊಳೆಗಳಲ್ಲಿ ಇದೆಲ್ಲ ಇರಲಿಲ್ಲ. ತಂತಿ ಬಾಗಿಸಿಟ್ಟಂತೆ ಎಲ್ಲ ಕಡೆ ಒಂದೇ ದಪ್ಪ. ಹಾಗೆಂದು ಹಳೆಯದನ್ನು ಇದ್ದ ಹಾಗೇ ಎತ್ತಿಕೊಂಡರೂ ನಡೆಯುತ್ತಿರಲಿಲ್ಲ. ಅದು ದಪ್ಪ ಕಾಗದಕ್ಕೆ ನೀರು ಚಿಮುಕಿಸಿ ಕೈಯಿಂದ ಒತ್ತುತ್ತಿದ್ದ ಕಾಲದ್ದು. ನಮ್ಮ ತೆಳು ಕಾಗದ, ನಮ್ಮ ಟ್ರೆಡಲ್ಲಿನ ಹೊಡೆತಕ್ಕೆ ಆ ತೆಳು ಗೆರೆಗಳು ಮುರಿದು ಬೀಳುತ್ತಿದ್ದವು. ಒತ್ತಕ್ಷರಗಳು ತೀರ ಕೆಳಗೆ ಜೋತು ಬಿದ್ದು ಸಾಲಿಗೂ ಸಾಲಿಗೂ ನಡುವೆ ಬಯಲು ಬಿಡಬೇಕಾಗುತ್ತಿತ್ತು. ಆ ಅಕ್ಷರ ಈಗ, ನಮ್ಮ ಓಣಿಯಲ್ಲಿ, ನಮ್ಮ ಯಂತ್ರದ ಮೇಲೆ ಹುಟ್ಟಿದ್ದರೆ ಹೇಗಿರುತ್ತಿತ್ತು ಎಂದು ನೋಡುವುದು ಅಪ್ಪಾಜಿಯ ಕೆಲಸ. ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರವನ್ನು ರೊಟ್ಟಿಯಷ್ಟು ಅಗಲ ಬರೆದು, ನಡುಮನೆಯ ಗೋಡೆಗೆ ಅಂಟಿಸಿ, ಊಟ ಮಾಡುತ್ತ ನೋಡುತ್ತಿದ್ದರು. ಅಂಟಿಸಲು ಅಮ್ಮನ ಗಂಜಿ ಬೇಕು. ಗೋಡೆಗೆ ಇರುವೆ ಹತ್ತುತ್ತಿತ್ತು. ಮನೆಯಲ್ಲಿ ಆಗುತ್ತಿದ್ದ ಜಗಳಗಳಲ್ಲಿ ಅರ್ಧ ಆ ಇರುವೆಗಳಿಗೆ ಸಂಬಂಧಿಸಿದ್ದು.

"ನಿಮ್ಮ 'ಣ' ನನ್ನ ಹಿಟ್ಟಿನ ಡಬ್ಬಿತನಕ ಇರುವೆ ಕರ್ಕೊಂಡು ಬಂದೈತಿ ನೋಡ್ರಿ," ಎನ್ನುತ್ತಿದ್ದಳು ಅಮ್ಮ.

"ಅದನ್ನ ಬಿಡು, ಓದಾಕ ಹೆಂಗೈತಿ ಹೇಳು."

"ಒಂದೇ ಅಕ್ಷರ ಇಟ್ಕೊಂಡು ಏನು ಓದ್ಲಿ. ನಾಕು ಸಾಲು ಒತ್ತಿ ಕೊಡ್ರಿ, ಓದ್ತೀನಿ."

ಅಮ್ಮ ಏಳನೇ ಇಯತ್ತೆ ಓದಿದವಳು. ಒತ್ತಿ ಕೊಟ್ಟ ನಾಲ್ಕು ಸಾಲನ್ನು ಒಲೆಯ ಮುಂದೆ ಕುಳಿತು ಓದುತ್ತಿದ್ದಳು. ಓದುವಾಗ ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ಅಪ್ಪಾಜಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಗುರುತು ಬಿದ್ದ ಅಕ್ಷರ ಮರುದಿನ ಗೋಡೆಯಿಂದ ಇಳಿಯುತ್ತಿತ್ತು.

ಬರೆಯುವುದು ಅಪ್ಪಾಜಿಯಾದರೆ ಕೊರೆಯುವುದು ಹುಸೇನ್ ಸಾಬರು. ಅವರು ಹರಿಹರದವರು. ಅಲ್ಲಿನ ಯಂತ್ರದ ಕಾರ್ಖಾನೆಯೊಂದರಲ್ಲಿ ಸೂಕ್ಷ್ಮ ಕೆಲಸದ ಕೋಣೆಯಲ್ಲಿದ್ದರು. ಅವರ ತಂದೆ ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತಿದ್ದವರು, ಕೆತ್ತುವ ಕೈ ಮನೆತನದ್ದು. ಸಂಜೆ ಮನೆಯಲ್ಲಿ ಕುಳಿತು ಉಕ್ಕಿನ ಕಡ್ಡಿಯ ತುದಿಯಲ್ಲಿ ಕಾಳಿನಷ್ಟು ಜಾಗದಲ್ಲಿ ಅಕ್ಷರವನ್ನು ಹಿಂದುಮುಂದಾಗಿ ಕೊರೆಯುತ್ತಿದ್ದರು. ಆ ಕಡ್ಡಿಯನ್ನು ತಾಮ್ರದ ತುಂಡಿಗೆ ಹೊಡೆದರೆ ಕುಳಿ ಬೀಳುತ್ತದೆ. ಕುಳಿಗೆ ಸೀಸ ಹೊಯ್ದರೆ ಮೊಳೆ. ಒತ್ತು, ಕೊಂಬು ಎಲ್ಲ ಸೇರಿ ಮುನ್ನೂರರ ಮೇಲೆ ಕಡ್ಡಿ ಕೊರೆಯಬೇಕಿತ್ತು. ವಾರಕ್ಕೆ ಮೂರು ಆದರೆ ಹೆಚ್ಚು. ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ದಾರಿಯಲ್ಲಿರುವ ಬಾತಿ ಊರಿನ ಮೇಲೆ ಬರುವ ಮೊದಲ ಬಸ್ಸಿಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ಕಡ್ಡಿಗಳನ್ನು ಚಾಪೆಯ ಮೇಲೆ ಸಾಲಾಗಿಡುತ್ತಿದ್ದರು. ಆಮೇಲೆ ಎಣ್ಣೆದೀಪ ಹಚ್ಚಿ, ಕಡ್ಡಿಯ ತುದಿಯನ್ನು ಜ್ವಾಲೆಗೆ ಹಿಡಿದು, ಹತ್ತಿದ ಮಸಿಯನ್ನು ಬಿಳಿ ಕಾಗದಕ್ಕೆ ಒತ್ತಿದರೆ ಅಕ್ಷರ ಮೂಡುತ್ತಿತ್ತು. ಅಷ್ಟು ಹೊತ್ತು ಯಾರೂ ಉಸಿರು ಬಿಡಬಾರದು, ಮಸಿ ಹಾರುತ್ತದೆ.

"ಹೊಟ್ಟೆ ಇನ್ನೂ ಸ್ವಲ್ಪ ದುಂಡಗಾಗ್ಬೇಕಲ್ರಿ ಸಾಬ್ರೆ," ಎನ್ನುತ್ತಿದ್ದರು ಅಪ್ಪಾಜಿ.

"ಚನ್ನಬಸಣ್ಣೋರೆ, ನೀವು ತಿನ್ನೋದು ಅನ್ನ ಸಾರು. ನಿಮ್ಮ ಅಕ್ಷರನೂ ನಿಮ್ಮಂಗ ಸೊರಗ್ಯಾವ. ಒಂದು ತಿಂಗಳು ನಮ್ಮನೀಗೆ ಊಟಕ್ಕೆ ಕಳಸ್ರಿ, ಹೆಂಗೆ ದುಂಡಗಾಗ್ತಾವ ನೋಡ್ರಿ."

ಒಳಗಿನಿಂದ ಅಜ್ಜಿಯ ದನಿ: "ಸಾಬಾ, ಆ ಮಾತು ಇಲ್ಲಿಗೆ ಕೇಳಸ್ತತಿ."

"ಕೇಳ್ಲಿ ಅಂತನೇ ಅಂದೆ, ಅವ್ವಾರೆ."

ನನ್ನನ್ನು ಅವರು ಬೇಟಿ ಎನ್ನುತ್ತಿದ್ದರು. ಅವರಿಗೆ ಗಂಡುಮಕ್ಕಳು ಮಾತ್ರ. ಹೊಸ ಅಕ್ಷರದ ಮೊದಲ ಮೊಳೆ ತಣ್ಣಗಾದ ಮೇಲೆ ಅದನ್ನು ಮೊದಲು ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ಈಗ ಹೇಳುವ ಭಾನುವಾರ 'ಳ'ದ ಸರದಿ. ಅಪ್ಪಾಜಿ ಹನ್ನೊಂದು ಸಲ ಬರೆದು ಅಳಿಸಿದ ಅಕ್ಷರ ಅದು. ನನಗೆ ಆಗ ಹನ್ನೊಂದು ವರ್ಷ. ಆ ವಾರವೆಲ್ಲ ನಾನು ಅದೊಂದಕ್ಕೇ ಕಾದಿದ್ದೆ.

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಮನಸ್ಸಿನಲ್ಲಿ ಎಷ್ಟೋ ಸಾವಿರ ಸಲ ಈ ಕ್ರಮದಲ್ಲಿ ಹೋಗಿದ್ದೇನೆ. ಶುಕ್ರವಾರ ಬಿಸಿಲಿತ್ತು. ಶನಿವಾರ ಬೆಳಿಗ್ಗೆಯಿಂದ ಮೋಡ. ಆ ವಾರ ಭಟ್ಟಿಯವರು ಊರಿಗೆ ಹೋಗಿದ್ದರು, ಗೋಡೆ ತಣ್ಣಗಿತ್ತು. ಶನಿವಾರ ಮಧ್ಯಾಹ್ನ ನಾನು ಮೊಳೆಗಳನ್ನು ಮಾಳಿಗೆಯ ಮೇಲೆಯೇ ಬಿಟ್ಟು ಗೆಳತಿಯ ಮನೆಗೆ ರೇಡಿಯೋ ಕೇಳಲು ಹೋದೆ. ನಾಲ್ಕು ಹನಿ ಬಿತ್ತು. ತಿರುಗಿ ಬರುವಷ್ಟರಲ್ಲಿ ನಿಂತಿತ್ತು. ಮೊಳೆಗಳನ್ನು ಬುಟ್ಟಿಗೆ ತುಂಬಿ ಮೆಟ್ಟಿಲ ಕೆಳಗಿಟ್ಟೆ. ಭಾನುವಾರ ಬೆಳಿಗ್ಗೆ ಬುಟ್ಟಿಯ ಮೇಲಿನ ಮೊಳೆಗಳು ಒಣಗಿದ್ದವು. ಅಪ್ಪಾಜಿ ಕರೆಯುವ ಮುಂಚೆ ನಾನು ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡಿದೆ. ತಳ ತಣ್ಣಗಿತ್ತು. ಹೊರತೆಗೆದಾಗ ಬೆರಳ ತುದಿ ಒದ್ದೆಯಾಗಿತ್ತು. ಲಂಗಕ್ಕೆ ಒರೆಸಿಕೊಂಡೆ.

"ಗಿರಿಜಾ, ಒಣಗ್ಯಾವೇನೆ?"

"ಹೂಂ, ಒಣಗ್ಯಾವ."

ಇಲ್ಲ ಎಂದಿದ್ದರೆ ಎರಕ ಮುಂದಿನ ಭಾನುವಾರಕ್ಕೆ ಹೋಗುತ್ತಿತ್ತು, ಅಷ್ಟೆ. ಬೇರೆ ಏನೂ ಆಗುತ್ತಿರಲಿಲ್ಲ. ಯಾರೂ ನನ್ನನ್ನು ಬೈಯುತ್ತಲೂ ಇರಲಿಲ್ಲ.

ಬಾಣಲೆಯಲ್ಲಿ ಮೊದಲ ಸೀಸ ಆಗಲೇ ಕರಗಿತ್ತು, ಮೇಲೆ ಕೆನೆಯಂಥ ಬೂದು ಪದರ ಕಟ್ಟಿತ್ತು. ಹುಸೇನ್ ಸಾಬರು ಅದನ್ನು ಸೌಟಿನಿಂದ ಸರಿಸಿದರು. ಅಪ್ಪಾಜಿ 'ಳ'ದ ಹಾಳೆ ತರಲು ಒಳಗೆ ಹೋದರು. ನಾನು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದೆ. ಸಾಬರು ಬುಟ್ಟಿಯಿಂದ ತಗಡಿನ ಮೊರದಲ್ಲಿ ಮೊಳೆ ತುಂಬಿಕೊಂಡು ಒಂದು ಸಲ ಹಾಕಿದರು. ಏನೂ ಆಗಲಿಲ್ಲ. ಎರಡನೆಯ ಸಲ ಹಾಕಿದರು. ಏನೂ ಆಗಲಿಲ್ಲ. ನನಗೆ ಧೈರ್ಯ ಬಂತು. ಮೂರನೆಯ ಸಲಕ್ಕೆ ಮೊರ ಬುಟ್ಟಿಯ ತಳ ಕೆರೆಯುವ ಸದ್ದು ಕೇಳಿಸಿತು. ಬಾಯಿ ತೆರೆದೆ ಎಂದು ನನಗೆ ಅನಿಸುತ್ತದೆ. ತೆರೆದೆನೋ ಇಲ್ಲವೋ ಈಗ ಹೇಳಲಾರೆ. ಸದ್ದು ಪಟಾಕಿಯ ಹಾಗಿರಲಿಲ್ಲ. ದೊಡ್ಡ ಕಂಬಳಿಯನ್ನು ಯಾರೋ ಒಮ್ಮೆ ಜಾಡಿಸಿದ ಹಾಗಿತ್ತು. ತಗಡಿನ ಮಾಡಿಗೆ ಮಳೆ ಬಿದ್ದಂತೆ ಕೆಳಗಿನಿಂದ ಮೇಲಕ್ಕೆ ಏನೋ ಬಿತ್ತು. ಸಾಬರು ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಎಡಗೈಯಿಂದ ಮುಖದ ಎಡಭಾಗವನ್ನು ಮುಚ್ಚಿಕೊಂಡರು. ಸಹಜ ದನಿಯಲ್ಲಿ ಕೇಳಿದರು:

"ಬೇಟಿ, ನಿಂಗೇನೂ ಆಗಿಲ್ಲಲ್ಲ?"

ನನಗೇನೂ ಆಗಿರಲಿಲ್ಲ. ಒಂದು ಹನಿ ಕೂಡ ನನ್ನ ಮೇಲೆ ಬಿದ್ದಿರಲಿಲ್ಲ. ಅಪ್ಪಾಜಿ ಓಡಿ ಬಂದರು, ಅಮ್ಮ ಕೊಡ ತಂದಳು, ಯಾರೋ ಟಾಂಗಾ ಕರೆದರು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಮನೆಯಲ್ಲಿ ಅಜ್ಜಿ, ನಾನು ಇಬ್ಬರೇ. ಹಿತ್ತಲಿನ ಕಲ್ಲಿನ ಮೇಲೆ, ತುಳಸಿಯ ಎಲೆಗಳ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಬೆಳ್ಳಗೆ ಹೊಳೆಯುವ ಹನಿಗಳು ಅಂಟಿದ್ದವು. ನಾನು ನಿಂತಿದ್ದ ಜಾಗದ ಎರಡೂ ಪಕ್ಕದಲ್ಲಿ ಇದ್ದವು. ಮಧ್ಯಾಹ್ನ ಅಜ್ಜಿ ಬೆಳಿಗ್ಗೆ ಮಾಡಿದ್ದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಹೊಟ್ಟೆ ತುಂಬ ಉಂಡೆ. ಅದು ನನಗೆ ಚೆನ್ನಾಗಿ ನೆನಪಿದೆ. ಎರಡು ರೊಟ್ಟಿ, ಆಮೇಲೆ ಮಜ್ಜಿಗೆ ಅನ್ನ. ಅಜ್ಜಿ ಉಣ್ಣಲಿಲ್ಲ.

ಎಡಗಣ್ಣು ಹೋಯಿತು. ಬಲಗಣ್ಣು ಉಳಿಯಿತು, ಆದರೆ ಮೊದಲಿನಂತಲ್ಲ ಎಂದು ಡಾಕ್ಟರು ಹೇಳಿದರಂತೆ. ಅಪ್ಪಾಜಿ ಇದನ್ನು ಅಮ್ಮನಿಗೆ ಹೇಳುತ್ತಿದ್ದಾಗ ನಾನು ಮೊಳೆಯ ಕೇಸಿನ ಹಿಂದೆ ಇದ್ದೆ. ಮರುದಿನ ಅಮ್ಮ ಪಾತ್ರೆ ತೊಳೆಯುತ್ತಿದ್ದಾಗ ಅವಳ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತು ಹೇಳಿದೆ.

"ಅಮ್ಮಾ, ಬುಟ್ಟಿ ತಳದಾಗ ಒದ್ದೆ ಇತ್ತು. ನಂಗೆ ಗೊತ್ತಿತ್ತು."

ಅಮ್ಮ ಕೈಯಲ್ಲಿದ್ದ ಚೊಂಬನ್ನು ಪೂರ್ತಿ ತೊಳೆದು ಬೋರಲು ಹಾಕಿದಳು.

"ಯಾರ ಮುಂದಾದ್ರೂ ಅಂದೀಯೇನು?"

"ಇಲ್ಲ."

"ಅನ್ನಬ್ಯಾಡ. ಅಂದ್ರೆ ಆ ಕಣ್ಣು ತಿರುಗಿ ಬರ್ತತೇನು? ಹೋಗು, ಓದ್ಕೋ ಹೋಗು."

ನಾನು ಹೋಗಿ ಓದಿಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ತಪ್ಪು ಅಜ್ಜಿಯದಾಯಿತು. ಯಾರೂ ಹಾಗೆಂದು ಹೇಳಲಿಲ್ಲ. ಅವಳೇ ತೆಗೆದುಕೊಂಡಳು. ಹದಿನೈದು ದಿನದ ಮೇಲೆ ನಾವೆಲ್ಲ ಹರಿಹರಕ್ಕೆ ಅವರನ್ನು ನೋಡಲು ಹೋದೆವು. ಹೊಳೆಯ ಕಡೆಯ ಓಣಿಯಲ್ಲಿ ಎರಡು ಕೋಣೆಯ ಮನೆ. ಸಾಬರು ಮಂಚದ ಮೇಲೆ ಕುಳಿತಿದ್ದರು, ಅರ್ಧ ಮುಖಕ್ಕೆ ಬಿಳಿ ಪಟ್ಟಿ. ಅವರ ಹೆಂಡತಿ ಜುಲೇಖಾಬಿ ನಮಗೆ ಚಾಪೆ ಹಾಸಿದರು. ಅಜ್ಜಿ ಚಾಪೆಯ ಮೇಲೆ ಕೂರಲಿಲ್ಲ, ಬರಿ ನೆಲದ ಮೇಲೆ ಕುಳಿತಳು.

"ನನ್ನ ನೀರು ನಿನ್ನ ಕಣ್ಣು ತಿಂತಪ್ಪ. ನಾ ಹಠ ಮಾಡಿದ್ದಕ್ಕ ಇಷ್ಟೆಲ್ಲ ಆತು. ಹೊಟ್ಟೆಗೆ ಹಾಕ್ಕೋ."

"ಬಿಡ್ರಿ ಅವ್ವಾರೆ. ಆಗೋದು ಆತು. ನೀವು ಮ್ಯಾಲೆ ಕೂಡ್ರಿ."

ಜುಲೇಖಾಬಿ ನನಗೆ ಖಾರಿ ಬಿಸ್ಕತ್ತು ಕೊಟ್ಟರು. ನಾನು ತಿಂದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ತಿರುಗಿ ಬರುವಾಗ ಬಸ್ಸು ಬಾತಿಯಲ್ಲಿ ನಿಂತಿತ್ತು, ಅಜ್ಜಿ ಕಿಟಕಿಯಿಂದ ಆಚೆ ನೋಡುತ್ತ ಇನ್ನು ಮೇಲೆ ಅಕ್ಷರಕ್ಕೆ ನೀರು ಹಾಕುವುದು ಬೇಡ ಎಂದಳು. ಅಪ್ಪಾಜಿ ಹೂಂ ಎಂದರು. ಅವಳು ಹಿತ್ತಲಿಗೆ ಹೋಗುವುದನ್ನೂ ಬಿಟ್ಟಳು. ಬಟ್ಟೆ ಒಗೆಯುವ ಕಲ್ಲನ್ನು ಕೊನೆಗೆ ಮುಂದಿನ ಅಂಗಳಕ್ಕೆ ತಂದು ಹಾಕಬೇಕಾಯಿತು.

ಎಂಟು ತಿಂಗಳು ಗೋಡೆಯ ಮೇಲಿನ ಅಕ್ಷರಗಳು ಹಾಗೇ ಇದ್ದವು. ಗಂಜಿ ಒಣಗಿ ಮೂಲೆಗಳು ಎದ್ದವು. ಆಗ ನೂರ ಮೂವತ್ತು ಕಡ್ಡಿ ಆಗಿದ್ದವು, ಅರ್ಧಕ್ಕಿಂತ ಕಡಿಮೆ. ಅವನ್ನು ಅಪ್ಪಾಜಿ ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟರು. 'ಳ'ದ ಕಡ್ಡಿ ಮಾತ್ರ ಆ ದಿನದ ಗದ್ದಲದಲ್ಲಿ ಎಲ್ಲಿಯೋ ಬಿದ್ದು ಸಿಕ್ಕಿರಲಿಲ್ಲ. ಬೇರೆ ಕೊರೆಯುವವರನ್ನು ಹುಡುಕಲು ಅವರು ಹೋಗಲಿಲ್ಲ. ಕಾರ್ಖಾನೆಯವರು ಸಾಬರನ್ನು ಸೂಕ್ಷ್ಮ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದರು. ರಂಜಾನ್ ಕಳೆದ ಮೇಲೆ ಒಂದು ಭಾನುವಾರ, ಯಾರೂ ಕರೆಯದೆ, ಅವರು ಮೊದಲ ಬಸ್ಸಿಗೆ ಬಂದರು. ಕರವಸ್ತ್ರ ಬಿಚ್ಚಿದರು. ಒಂದೇ ಕಡ್ಡಿ. ದೀಪದ ಮಸಿ ಹಿಡಿದು ಒತ್ತಿದರು. 'ಳ'.

ಅಪ್ಪಾಜಿ ಅದನ್ನು ಮೊದಲಿನ 'ಲ'ದ ಪಕ್ಕ ಒತ್ತಿ ನೋಡಿದರು. ನನಗೂ ಕಂಡಿತು. ಹೊಸದು ದಪ್ಪಗಿತ್ತು. ತೆಳು ಗೆರೆ ಇರಬೇಕಾದಲ್ಲಿ ತೆಳುವಾಗಿರಲಿಲ್ಲ, ತಲೆಕಟ್ಟಿನ ತುದಿ ಚಿಮ್ಮದೆ ಮೊಂಡಾಗಿ ನಿಂತಿತ್ತು. ಉಕ್ಕಿನಿಂದ ಒಂದು ಎಳೆ ಹೆಚ್ಚು ತೆಗೆದರೆ ಮತ್ತೆ ಸೇರಿಸಲಾಗದು, ಇಡೀ ಕಡ್ಡಿ ಹಾಳು. ಒಂದೇ ಕಣ್ಣಿನಲ್ಲಿ ಉಳಿಯ ತುದಿ ಎಷ್ಟು ಆಳದಲ್ಲಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಬೇಗನೆ ಕೈ ನಿಲ್ಲಿಸಿದ್ದರು.

"ಇನ್ನೊಂದು ಎಳೆ ತೆಗೀಬೇಕಿತ್ತು, ಗೊತ್ತೈತ್ರಿ. ಎಲ್ಲಿ ಮುಟ್ಟೀನಿ, ಎಲ್ಲಿ ಮುಟ್ಟಿಲ್ಲ, ತಿಳೀವಲ್ದು," ಎಂದರು ಸಾಬರು. "ಬೆಂಗಳೂರಾಗ ಯಾರಾದ್ರೂ ಇರ್ತಾರ, ನೋಡ್ರಿ. ಮೊದ್ಲಿನವು ಕೊಟ್ರೆ ಅದೇ ಅಳತೀಗೆ ಮಾಡ್ತಾರ. ಇದನ್ನ ಸುಮ್ನೆ ನನ್ನ ಸಮಾಧಾನಕ್ಕ ಮಾಡಿದ್ದು."

ಅಪ್ಪಾಜಿ ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚಹಾ ಆರಿತು.

"ಈ ದಪ್ಪನೇ ಇರ್ಲಿ ಸಾಬ್ರೆ."

"ಹೆಂಗೆ ಇರ್ಲಿ? ಒಂದು ಸಾಲಿನಾಗ ಇದೊಂದೇ ಉಂಡು ಕುಂತಂಗ ಕಾಣ್ತತಿ."

"ಮೊದ್ಲಿನವು ತೆಗೆದಿಡೋಣ. ಎಲ್ಲಾನೂ ಈ ದಪ್ಪಕ್ಕ ನಾ ಮತ್ತೆ ಬರೀತೀನಿ. ನೀವು ಮೊದ್ಲಿಂದ ಕೊರೀರಿ."

ಸಾಬರು ಕರವಸ್ತ್ರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ನೂರ ಮೂವತ್ತು ಕಡ್ಡಿ, ಚನ್ನಬಸಣ್ಣೋರೆ. ಎರಡು ಕಣ್ಣು ಇದ್ದಾಗ ಮಾಡಿದ್ದು. ನನ್ನ ಮ್ಯಾಲೆ ಕನಿಕರ ಬ್ಯಾಡ್ರಿ."

"ಕನಿಕರ ಅಲ್ರಿ. ಬೆಂಗಳೂರೋರ ಕೈ ನಂಗೆ ಗೊತ್ತಿಲ್ಲ. ನಿಮ್ಮ ಕೈ ಗೊತ್ತೈತಿ. ಅದು ಎಲ್ಲಿ ನಿಲ್ತತೋ ಅಲ್ಲಿಂದ ಬರೀತೀನಿ."

ಅದು ಕನಿಕರವೋ ಅಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ಅಪ್ಪಾಜಿ ಮತ್ತೆ ಹಾಳೆ ಅಂಟಿಸಿದರು, ಮತ್ತೆ ಇರುವೆ ಬಂದವು. ಗೆರೆ ದಪ್ಪವಾದರೆ ಅಕ್ಷರದೊಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ; ಅದಕ್ಕಾಗಿ ಹೊಟ್ಟೆಗಳನ್ನೆಲ್ಲ ಅಗಲ ಮಾಡಿದರು. ತಲೆಕಟ್ಟಿನ ಚಿಮ್ಮು ಹೋಯಿತು, ಅದರ ಬದಲು ತುಸು ಓರೆಯಾದ ಮೊಂಡು ತುದಿ ಬಂತು. ಒತ್ತುಗಳು ಕುಳ್ಳಗಾಗಿ ಮೇಲಿನ ಅಕ್ಷರಕ್ಕೆ ಹತ್ತಿರ ಸರಿದವು. ಹೆಸರಿಲ್ಲದ ಆ ಹಳೆಯ ಪುಸ್ತಕವನ್ನು ಅವರು ತೆರೆಯುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅಮ್ಮ ಒಲೆಯ ಮುಂದೆ ಓದುತ್ತಿದ್ದಳು. ತಡವರಿಸುವುದು ಕಡಿಮೆಯಾಗಿತ್ತು. ಅದನ್ನು ಅವಳೂ ಹೇಳಲಿಲ್ಲ, ಅಪ್ಪಾಜಿಯೂ ಹೇಳಲಿಲ್ಲ, ಗುರುತುಗಳು ಮಾತ್ರ ಕಡಿಮೆಯಾದವು. ಈಗ ವಾರಕ್ಕೆ ಒಂದು ಕಡ್ಡಿ. ಒಮ್ಮೊಮ್ಮೆ ಅದೂ ಇಲ್ಲ. ಆರು ವರ್ಷ ಹಿಡಿಯಿತು. ನಾನು ಹೈಸ್ಕೂಲು ಮುಗಿಸಿ, ವಿದ್ಯಾನಗರದ ಕಡೆ ಕಾಲೇಜಿಗೆ ಸಿಟಿ ಬಸ್ಸಿನಲ್ಲಿ ಹೋಗುವವಳಾದೆ.

ಈ ಆರು ವರ್ಷದಲ್ಲಿ ನಮ್ಮ ಮನೆಗೆ ಒಂದು ಹೊಸ ಆಚಾರ ಸೇರಿತ್ತು. ಯುಗಾದಿಗೆ, ದೀಪಾವಳಿಗೆ, ಸಾಬರು ಊಟಕ್ಕೆ ಬಂದಾಗಲೆಲ್ಲ ಅಜ್ಜಿ ಹೋಳಿಗೆ ಬಡಿಸುವ ಮುಂಚೆ ಅವರ ಎದುರು ನಿಂತು ಅದೇ ಮಾತು ಹೇಳುತ್ತಿದ್ದಳು: ನನ್ನ ನೀರು ನಿನ್ನ ಕಣ್ಣು ತಿಂತಪ್ಪ. ಸಾಬರು ಪ್ರತಿ ಸಲವೂ ಬಿಡ್ರಿ ಅವ್ವಾರೆ ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಉಣ್ಣುತ್ತಿದ್ದೆವು. ನಾನೂ ಉಣ್ಣುತ್ತಿದ್ದೆ. ಅಜ್ಜಿಯ ಬೆನ್ನು ವರ್ಷದಿಂದ ವರ್ಷಕ್ಕೆ ಬಾಗುತ್ತಿತ್ತು, ನಿಂತು ಹೇಳುವುದು ಅವಳಿಗೆ ಕಷ್ಟವಾಗುತ್ತಿತ್ತು. ಆದರೂ ಕುಳಿತು ಹೇಳುತ್ತಿರಲಿಲ್ಲ.

ಕೊನೆಯ ಕಡ್ಡಿ ಬಂದ ಭಾನುವಾರ ಹಬ್ಬವೇನೂ ಇರಲಿಲ್ಲ. ಆದರೂ ಅಮ್ಮ ಹಬ್ಬದ ಅಡುಗೆ ಮಾಡಿದ್ದಳು. ಜುಲೇಖಾಬಿಯೂ ಬಂದಿದ್ದರು. ನಡುಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತಿದ್ದೆವು, ಊಟ ಮುಗಿಸಿ ಎರಕಕ್ಕೆ ಹೋಗುವುದೆಂದು ಆಗಿತ್ತು. ಅಜ್ಜಿ ಗೋಡೆ ಹಿಡಿದು ಎದ್ದಳು. ಒಂದು ಕೈಯಲ್ಲಿ ಹೋಳಿಗೆಯ ತಟ್ಟೆ.

"ನನ್ನ ನೀರು ನಿನ್ನ ಕಣ್ಣು..."

"ನೀರಲ್ಲ ಅಜ್ಜಿ," ಎಂದೆ.

ಇದನ್ನು ಹೇಳಬೇಕೆಂದು ನಾನು ಯೋಚಿಸಿ ಕುಳಿತಿರಲಿಲ್ಲ. ಗೋಡೆ ಹಿಡಿದ ಅವಳ ಕೈಯನ್ನು ನೋಡುತ್ತಿದ್ದೆ. ಬಾಯಿಂದ ಬಂತು. ಬಂದದ್ದು ಪೂರ್ತಿ ಬರಲಿ ಎಂದು ಮುಂದುವರಿಸಿದೆ.

"ಅವತ್ತು ಬುಟ್ಟಿ ತಳದಾಗ ಒದ್ದೆ ಇತ್ತು. ನಾ ಕೈ ಹಾಕಿ ನೋಡಿದ್ದೆ. ಅಪ್ಪಾಜಿ ಕೇಳಿದಾಗ ಒಣಗ್ಯಾವ ಅಂದೆ."

ಅಮ್ಮ ತಲೆ ತಗ್ಗಿಸಿದಳು. ಅಪ್ಪಾಜಿ ಅಮ್ಮನನ್ನು ನೋಡಿದರು. ಅವಳಿಗೆ ಗೊತ್ತಿತ್ತೆಂದು ಅವರಿಗೆ ಆಗಲೇ ತಿಳಿಯಿತು. ಸಾಬರು ತಮ್ಮ ಒಂದು ಕಣ್ಣನ್ನು ನನ್ನ ಮೇಲೆ ಇಟ್ಟರು. ಅವರು ಬಿಡು ಎನ್ನುತ್ತಾರೆಂದು ನಾನು ಅಂದುಕೊಂಡೆ. ಮಗು ಇದ್ದಿ, ಆಗೋದು ಆತು ಎನ್ನುತ್ತಾರೆಂದು. ಅವರು ಹಾಗೆ ಅನ್ನುವ ಮನುಷ್ಯರೇ ಆಗಿದ್ದರು.

"ಎಷ್ಟು ವರ್ಷ ಆತು?" ಎಂದು ಕೇಳಿದರು.

"ಆರು ಮುಗೀತು."

"ನನ್ನ ಕಣ್ಣಿನ ಮಾತು ಬಿಡು. ನೀ ಸಣ್ಣಾಕಿ ಇದ್ದಿ. ಆದ್ರ ಆರು ವರ್ಷ ಈ ಮುದುಕಿ ಕಡೆಯಿಂದ ನನ್ನ ಮುಂದೆ ಕೈ ಮುಗಿಸಿದಿ. ಬಾಜು ಕುಂತು ಹೋಳಿಗೆ ತಿಂದಿ."

ದನಿ ಏರಿಸಲಿಲ್ಲ. ಜುಲೇಖಾಬಿ ಅವರ ಮೊಣಕೈ ಮುಟ್ಟಿದರು. ಅಜ್ಜಿ ಬಗ್ಗಿ ಸಾಬರ ಎಲೆಗೆ ಹೋಳಿಗೆ ಹಾಕಿದಳು, ಜುಲೇಖಾಬಿಗೆ ಹಾಕಿದಳು, ಅಪ್ಪಾಜಿಗೆ, ನನಗೂ ಹಾಕಿದಳು, ತುಪ್ಪ ಬಿಟ್ಟಳು. ತಟ್ಟೆ ಖಾಲಿಯಾದ ಮೇಲೆ ತನ್ನ ಜಾಗಕ್ಕೆ ಹೋಗಿ ಕುಳಿತು, ಗೋಡೆಗೆ ಒರಗಿದಳು. ಅವಳಿಗೆ ಹಗುರವಾಯಿತೋ ಭಾರವಾಯಿತೋ ಮುಖದಿಂದ ಗೊತ್ತಾಗಲಿಲ್ಲ. ಇನ್ನೆರಡು ವರ್ಷ ಬದುಕಿದ್ದಳು, ಆ ವಿಷಯವನ್ನು ನನ್ನ ಜೊತೆ ಒಮ್ಮೆಯೂ ಎತ್ತಲಿಲ್ಲ.

ಆ ಅಕ್ಷರಗಳಲ್ಲಿ ನಾಲ್ಕು ಪುಸ್ತಕ ಅಚ್ಚಾದವು. ಅಷ್ಟರಲ್ಲಿ ಊರಿಗೆ ಆಫ್‌ಸೆಟ್ ಬಂತು, ಸೀಸದ ಮೊಳೆ ಬೇಡವಾಯಿತು. ನಾಲ್ಕರಲ್ಲಿ ಒಂದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿತ್ತು. ಹಳೆಯ ಕಾಲದ ಗುಣವೂ ಇದೆ, ಇವತ್ತಿನದೂ ಅನಿಸುತ್ತದೆ, ಈ ಅಕ್ಷರ ಯಾರು ಬರೆದದ್ದಿರಬೇಕು ಎಂದು ಕನ್ನಡದ ಮೇಷ್ಟ್ರು ಒಮ್ಮೆ ತರಗತಿಯಲ್ಲಿ ಕೇಳಿದರು. ನಾನು ಕೈ ಎತ್ತಲಿಲ್ಲ. ಆ ಪುಸ್ತಕವನ್ನು ನಾನು ಓದಲು ಪ್ರಯತ್ನಿಸಿದ್ದೇನೆ. ಎರಡು ಪುಟದ ಮೇಲೆ ಹೋಗಲು ಆಗುವುದಿಲ್ಲ. ಸಾಲಿನಲ್ಲಿ ಎಲ್ಲಿ 'ಳ' ಬಂದರೂ ಕಣ್ಣು ನಿಲ್ಲುತ್ತದೆ, ಮೊರ ಬುಟ್ಟಿಯ ತಳ ಕೆರೆಯುತ್ತದೆ.

ಕೊನೆಯ ಕಡ್ಡಿ ಬಂದ ಆ ಭಾನುವಾರ ಊಟ ಮುಗಿಸಿ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹಿತ್ತಲಿಗೆ ಹೋದೆವು. ಅಪ್ಪಾಜಿ ಒಲೆ ಹೊತ್ತಿಸಿದರು. ಸವೆದ ಮೊಳೆಯ ಬುಟ್ಟಿ ಮಾಡಿನ ಕೆಳಗಿತ್ತು. ನೀರು ಕಾಣದೆ ಆರು ವರ್ಷವಾಗಿದ್ದ ಮೊಳೆಗಳು. ಬಾಗಿಲ ಹತ್ತಿರ ನಿಂತಿದ್ದವಳು ನಾನೇ. ಒಣಗಿವೆಯೇ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಹುಸೇನ್ ಸಾಬರು ನನ್ನ ಪಕ್ಕದಿಂದ ಹಾದು ಹೋಗಿ, ಬುಟ್ಟಿಯ ಮುಂದೆ ಕುಳಿತು, ತೋಳು ಮಡಿಸಿ, ತಳದವರೆಗೂ ಕೈ ಹಾಕಿ ನೋಡಿದರು.